ಮಂಡಿ ಹರಿದ ಪ್ಯಾಂಟ್ ಎಸೀಬೇಡ

ಪ್ರೀತಿಯ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆಲಸದ ಪ್ಯಾಂಟಿನ ಮಂಡಿ ಹರಿದಿದೆ, ಮೆಷಿನ್ ಇಲ್ಲ, ಎಸೆದುಬಿಡ್ತೀನಿ ಅಂತ ಬರೆದಿದ್ದೀಯ. ಬೇಡ ಕಣೋ. ಮಂಡಿ ಬಿಟ್ಟರೆ ಉಳಿದ ಬಟ್ಟೆಯೆಲ್ಲ ಇನ್ನೂ ಗಟ್ಟಿ ಇರುತ್ತೆ. ಅದೂ ಅಲ್ಲದೆ ಮೆಷಿನ್ನಿನಲ್ಲಿ ಮಂಡಿಗೆ ತೇಪೆ ಹಾಕಬೇಕಾದರೆ ಎಷ್ಟೋ ಸಲ ಪಕ್ಕದ ಹೊಲಿಗೆಯನ್ನೇ ಬಿಚ್ಚಬೇಕು, ಕೈಯಾದರೆ ಕಾಲಿನೊಳಗೆ ಸಲೀಸಾಗಿ ಹೋಗುತ್ತೆ.

ಮೊದಲು ಒಗೆದು ಒಣಗಿಸು. ತೇಪೆಯ ಬಟ್ಟೆಯನ್ನೂ ಒಗೆದಿರಬೇಕು, ಇಲ್ಲದಿದ್ದರೆ ಆಮೇಲೆ ಅದು ಕುಗ್ಗಿ ಸುತ್ತಲೂ ಸುಕ್ಕು ಬೀಳುತ್ತೆ. ಹಳೇ ಜೀನ್ಸಿನ ಮೀನಖಂಡದ ಭಾಗ ಜಾಸ್ತಿ ಸವೆದಿರಲ್ಲ, ಅದನ್ನೇ ಕತ್ತರಿಸಿಕೋ.

ಜನ ಎಡವೋದು ತೇಪೆಯ ಅಳತೆಯಲ್ಲಿ. ತೂತನ್ನಷ್ಟೇ ಮುಚ್ಚಿದರೆ ಸ್ವಲ್ಪ ದಿನದಲ್ಲೇ ಅದರ ಅಂಚಿನಲ್ಲಿ ಮತ್ತೆ ಹರಿಯುತ್ತೆ, ಯಾಕಂದ್ರೆ ತೂತಿನ ಸುತ್ತಲಿನ ಬಟ್ಟೆಯೂ ಸವೆದು ಹೋಗಿರುತ್ತೆ ಅಲ್ವಾ. ಬೆಳಕಿಗೆ ಹಿಡಿದು ನೋಡು. ಎಲ್ಲಿ ಬೆಳಕು ಜಾಸ್ತಿ ತೂರಿ ಬರುತ್ತೋ ಅಲ್ಲೆಲ್ಲ ಬಟ್ಟೆ ತೆಳುವಾಗಿದೆ ಅಂತ ಅರ್ಥ. ಅದನ್ನೂ ದಾಟಿ, ಗಟ್ಟಿ ಬಟ್ಟೆಯ ಮೇಲೆ 2-3 ಸೆಂಟಿಮೀಟರ್ ಕೂರುವಷ್ಟು ದೊಡ್ಡ ತೇಪೆ ಬೇಕು. ಮೂಲೆಗಳನ್ನು ದುಂಡಗೆ ಕತ್ತರಿಸು, ಚೂಪು ಮೂಲೆಯೇ ಮೊದಲು ಏಳೋದು. ಒಳಗಿಂದ ಇಟ್ಟು, ಕಾಲಿನೊಳಗೆ ಒಂದು ದಪ್ಪ ರಟ್ಟು ತೂರಿಸಿಕೋ, ಇಲ್ಲಾಂದ್ರೆ ಮುಂದಿನ ಬಟ್ಟೆ ಹಿಂದಿನದಕ್ಕೆ ಸೇರಿ ಹೊಲಿದುಹೋಗುತ್ತೆ.

ಇನ್ನು ದಾರ. ಶರ್ಟ್ ಹೊಲಿಯೋ ತೆಳು ದಾರ ಇದಕ್ಕೆ ತಡೆಯಲ್ಲ, ದಪ್ಪದ್ದೇ ತಗೋ, ಜೇನುಮೇಣದ ಮೇಲೆ ಒಂದೆರಡು ಸಲ ಎಳೆದರೆ ಸಿಕ್ಕಾಗೋದು ಕಡಿಮೆ. ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರ ಜಾಸ್ತಿ ಬಾಳುತ್ತೆ. ಆದರೆ ವೆಲ್ಡಿಂಗ್ ಮಾಡುವಾಗ ಹಾಕೋ ಪ್ಯಾಂಟಾದರೆ ದಾರವೂ ಹತ್ತಿಯದೇ ಇರಲಿ, ತೇಪೆಯೂ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ, ಈ ಒಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡ.

ಸೂಜಿಯನ್ನು ಒಂದು ಹೊಲಿಗೆಯಷ್ಟು, ಅಂದ್ರೆ ಸುಮಾರು 3 ಮಿಲಿಮೀಟರ್, ಮುಂದೆ ಮೇಲಕ್ಕೆ ತೆಗಿ. ಆಮೇಲೆ ವಾಪಸ್ ಬಂದು ಹಿಂದಿನ ಹೊಲಿಗೆ ಮುಗಿದ ತೂತಿನಲ್ಲೇ ಇಳಿಸು. ಹೀಗೆ ಹಿಂದೆ ಬಂದು ಮುಂದೆ ಹೋದರೆ ಒಂದು ಕಡೆ ದಾರ ಸವೆದು ಕಿತ್ತರೂ ಪೂರ್ತಿ ಸಾಲು ಬಿಚ್ಚಿಕೊಳ್ಳಲ್ಲ. ತೇಪೆಯ ಅಂಚಿನ ಸುತ್ತ ಒಂದು ಸುತ್ತು, ತೂತಿನ ಸುತ್ತ ಇನ್ನೊಂದು. ನಡುವಿನ ತೆಳು ಜಾಗಕ್ಕೆ ಸುಮ್ನೆ ನೇರ ಹೊಲಿಗೆಯ ಸಾಲುಗಳು ಸಾಕು. ದಾರ ಬಿಗಿಯಾಗಿ ಎಳೀಬೇಡ, ಮಂಡಿ ಮಡಚಿದಾಗ ಬಟ್ಟೆ ಹಿಗ್ಗೋಕೆ ಜಾಗ ಬೇಕು. ಗಂಟನ್ನು ತೇಪೆಗೂ ಪ್ಯಾಂಟಿಗೂ ಮಧ್ಯೆ ಅಡಗಿಸು, ಒಳಗೆ ಬಿಟ್ಟರೆ ದಿನವಿಡೀ ಮಂಡಿಗೆ ಉಜ್ಜುತ್ತೆ.

ನಾಲ್ಕು ಪದರ ಸೇರೋ ಕಡೆ ಸೂಜಿ ಇಳಿಯದಿದ್ದರೆ ಮೊದಲು ದಬ್ಬಣದಲ್ಲಿ ತೂತು ಮಾಡಿಕೋ, ಆಮೇಲೆ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ನೇರಕ್ಕೆ ಎಳೆ. ಓರೆಯಾಗಿ ಎಳೆದರೆ ಸೂಜಿ ಮುರಿಯುತ್ತೆ.

ನಿನ್ನ ಇನ್ನೊಂದು ಪ್ಯಾಂಟಿನ ತೊಡೆಸಂದನ್ನೂ ಬೆಳಕಿಗೆ ಹಿಡಿದು ನೋಡು. ತೆಳುವಾಗಿದ್ದರೆ ಹರಿಯೋಕೆ ಮುಂಚೆಯೇ ಒಳಗೊಂದು ತೇಪೆ ಕೊಡು, ಅರ್ಧದಷ್ಟು ಕೆಲಸ ಕಡಿಮೆಯಾಗುತ್ತೆ. ಎಲ್ಲಾದರೂ ಗೊತ್ತಾಗದಿದ್ದರೆ ಫೋಟೋ ತೆಗೆದು ಕಳಿಸು.

ಇಂತಿ ನಿನ್ನ ದೊಡ್ಡಪ್ಪ