ಸೂಪರ್ ಮಾರ್ಕೆಟ್ ಬಳಿಯ ರಿಪೇರಿ ಕಾಕಾ ಅವರಿಗೆ

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿತ್ತು. ಉಟ್ಟ ಬಟ್ಟೆಯಲ್ಲೇ ಸಂತ್ರಸ್ತರ ಕಾಳಜಿ ಕೇಂದ್ರ ಸೇರಿದ ಹೆಣ್ಣುಮಕ್ಕಳಿಗಾಗಿ ಕಲಬುರಗಿಯಲ್ಲಿ ನಾವು ಕೆಲವು ಹೆಂಗಸರು ಹತ್ತಿಯ ಸಾದಾ ಫ್ರಾಕ್ ಹೊಲಿಯುತ್ತಿದ್ದೆವು. ಬೆಳಿಗ್ಗೆ ಗಾಡಿ ಹೊರಡಬೇಕು; ಹಿಂದಿನ ಸಂಜೆ ನನ್ನ ಹೊಲಿಗೆ ಯಂತ್ರ ಕೈಕೊಟ್ಟಿತು. ಹೊಲಿಗೆ ತಪ್ಪುತ್ತಿತ್ತು, ಬಟ್ಟೆಯಡಿ ದಾರ ಗಂಟುಗಟ್ಟುತ್ತಿತ್ತು. ಕತ್ತರಿಸಿಟ್ಟ ಬಟ್ಟೆಯ ರಾಶಿ ನೋಡಿ ಅಳುವೇ ಬಂತು.

ಯಂತ್ರವನ್ನು ಆಟೊದಲ್ಲಿಟ್ಟುಕೊಂಡು ಸೂಪರ್ ಮಾರ್ಕೆಟ್‌ಗೆ ಬಂದರೆ, ರಿಪೇರಿ ಅಂಗಡಿಯ ಕಾಕಾ ಶಟರ್ ಅರ್ಧ ಎಳೆದಿದ್ದರು. ವಿಷಯ ಕೇಳಿದವರೇ ಮತ್ತೆ ಮೇಲೆತ್ತಿದರು. ಸೂಜಿಯ ದಾರವನ್ನು ಕೆಳಗೆ ಹಿಡಿಯುವ ಶಟಲ್ ಬಿಚ್ಚಿ, ಅದರ ಮೊನೆಯ ಮೇಲೆ ಉಗುರು ಆಡಿಸಿ, "ಇಲ್ಲಿದೆ ನೋಡು ತಂಗಿ" ಎಂದು ನನ್ನ ಕೈಗೂ ಕೊಟ್ಟರು. ಕಣ್ಣಿಗೆ ಕಾಣದಷ್ಟು ಸಣ್ಣ ತರಚು. ನಯವಾದ ಉಜ್ಜು ಕಾಗದದಿಂದ ತಿಕ್ಕಿ, ಎಣ್ಣೆ ಬಿಟ್ಟು, ಸೂಜಿ ಬದಲಿಸಿದರು. ಯಂತ್ರ ಎತ್ತಿಕೊಳ್ಳಲು ಹೋದ ನನ್ನನ್ನು ತಡೆದರು. ಹೊಸ ಬಟ್ಟೆಗೆ ಎಣ್ಣೆ ಕಲೆ ಹತ್ತಬಾರದೆಂದು ಬಿಳಿ ಚಿಂದಿಯ ಮೇಲೆ ಸಾಲು ಸಾಲಾಗಿ ಹೊಲಿಯುತ್ತಲೇ ಹೋದರು, ಕಪ್ಪು ಪೂರ್ತಿ ಹೋಗುವವರೆಗೆ. ಯಾರೂ ಕೇಳದ ಕೆಲಸವದು; ನನ್ನ ಮನಸ್ಸಿನಲ್ಲಿ ಉಳಿದಿರುವುದೂ ಅದೇ.

"ಅಳತೆ ತಿಳಿಯದ ಮಕ್ಕಳು. ಭುಜಕ್ಕೆ ಲಾಡಿ ಇಡು, ಕೆಳಗೆ ನಾಲ್ಕು ಬೆರಳು ಒಳಮಡಿಕೆ ಬಿಡು. ಬೆಳೆದಂತೆ ಬಿಚ್ಚಿಕೊಳ್ಳಲಿ" ಎಂದರು. ಸೂಜಿಯ ದುಡ್ಡಷ್ಟೇ ತೆಗೆದುಕೊಂಡರು.

ಆ ರಾತ್ರಿ ದಾರ ಒಮ್ಮೆಯೂ ತುಂಡಾಗಲಿಲ್ಲ. ಬೆಳಿಗ್ಗೆ ಫ್ರಾಕುಗಳೆಲ್ಲ ಲಾಡಿ ಸಮೇತ ಗಾಡಿ ಏರಿದವು. ಕಾಕಾ, ನಿಮ್ಮ ಹೆಸರು ನನಗೆ ತಿಳಿಯದು. ನಿಮಗೆ ಮನಸಾರೆ ಧನ್ಯವಾದ.