ಗ್ರಹಣದ ಕಥೆ ಬರೆದ ಮಗಳಿಗೆ

ಮಂಡಿ ಮೊಹಲ್ಲಾ, ಮೈಸೂರು

ಪ್ರೀತಿಯ ಮಗಳೇ,
ಅಸ್ಸಲಾಮು ಅಲೈಕುಂ.

ಮಂಡ್ಯದಿಂದ ನೀನು ಕಳುಹಿಸಿದ ಕಥೆ ತಲುಪಿತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ, ಶ್ರೀರಂಗಪಟ್ಟಣದ ಗಂಜಾಂನ ಮನೆಯೊಂದರಲ್ಲಿ, ಬಸುರಿ ಸೊಸೆಯ ಕೈಗೆ ಸಿಗಬಾರದೆಂದು ದಾದಿ, ಅಂದರೆ ಮನೆಯ ಹಿರಿಯಜ್ಜಿ, ಈಳಿಗೆಮಣೆಯನ್ನು ಅಕ್ಕಿ ಮೂಟೆಯ ಹಿಂದೆ ಅಡಗಿಸಿ, ಅಡಕತ್ತರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಎಂಟರಿಂದ ಹನ್ನೊಂದರವರೆಗೆ ಅಡುಗೆಮನೆಯ ಬಾಗಿಲಲ್ಲೇ ಕೂರುವ ಭಾಗವನ್ನು ಇಂಥ ಮನೆಗಳಲ್ಲಿ ಬೆಳೆದವರು ಮಾತ್ರ ಬರೆಯಬಲ್ಲರು. ಗ್ರಹಣದ ಹೊತ್ತಿನಲ್ಲಿ ಬಸುರಿ ಏನನ್ನಾದರೂ ಹೆಚ್ಚಿದರೆ ಮಗು ಸೀಳುತುಟಿಯೊಂದಿಗೆ ಹುಟ್ಟುತ್ತದೆಂಬ ಭಯಕ್ಕೆ ನಮ್ಮ ಸೀಮೆಯಲ್ಲಿ ಜಾತಿಯೂ ಇಲ್ಲ, ಮತವೂ ಇಲ್ಲ. ಪಕ್ಕದ ಗೌಡರ ಮನೆಯ ಅಜ್ಜಿಯೂ ಆ ಹೊತ್ತಿಗೆ ಚಾಕು ಬಚ್ಚಿಟ್ಟಿರುತ್ತಾರೆ.

ಕಥೆ ಸೊರಗುವುದು ಕಿರಿಯ ಮೊಮ್ಮಗ ಒಳಗೆ ಬಂದ ಮೇಲೆ. ಅವನು ಮೊಬೈಲಿನಲ್ಲಿ ಕೇಳಿದ ಪ್ರವಚನದ ನಾಲ್ಕು ಮಾತು ಒಪ್ಪಿಸುತ್ತಾನೆ, ದಾದಿ ಸುಮ್ಮನಾಗುತ್ತಾಳೆ, ಸೊಸೆ ಎದ್ದು ಈರುಳ್ಳಿ ಹೆಚ್ಚುತ್ತಾಳೆ. ಇದನ್ನು ನೀನು ಸತ್ಯದ ಗೆಲುವೆಂದು ಬರೆದಿದ್ದೀಯೆ. ನನಗೆ ಹಾಗೆ ಕಾಣುವುದಿಲ್ಲ. ಅಜ್ಜಿಯ ಮಾತನ್ನು ಬಿಟ್ಟು ಪ್ರವಚನಕಾರನ ಮಾತನ್ನು ಹಿಡಿದ ಹುಡುಗ ಯಾವುದನ್ನೂ ಹುಡುಕಿಲ್ಲ, ತಾನು ನಂಬುವ ಹಿರಿಯರನ್ನು ಬದಲಾಯಿಸಿಕೊಂಡಿದ್ದಾನೆ, ಅಷ್ಟೆ. ಆಧಾರ ಕೇಳದೆ ಒಬ್ಬರ ಹಿಂದೆ ನಡೆಯುವ ತಕ್ಲೀದನ್ನು, ನಮಾಜು ಉಪವಾಸಗಳ ವಿಧಿವಿಧಾನದ ಮಟ್ಟಿಗೆ, ನಮ್ಮ ಬಹುಪಾಲು ಉಲಮಾಗಳು (ಧರ್ಮವಿದ್ವಾಂಸರು) ಸಾಮಾನ್ಯ ಜನರಿಗೆ ಒಪ್ಪಿದ್ದಾರೆ. ಅದರ ಮೇಲೆ ನನಗೆ ತಕರಾರಿಲ್ಲ. ಅದಕ್ಕೇ ಶೋಧನೆಯೆಂಬ ಹೆಸರಿಟ್ಟು ಮೆರೆಸುವುದಕ್ಕೆ ಮಾತ್ರ ತಕರಾರಿದೆ.

ತಂದೆ ತಾತಂದಿರು ನಡೆದಂತೆಯೇ ನಡೆಯುತ್ತೇವೆ ಎನ್ನುವವರನ್ನು, ಆ ಹಿರಿಯರಿಗೆ ಏನೂ ತಿಳಿದಿರದಿದ್ದರೂ ಹಾಗೆಯೇ ನಡೆಯುತ್ತೀರಾ ಎಂದು ಕುರ್‌ಆನ್ (2:170) ಕೇಳುತ್ತದೆ. ಅದನ್ನು ಬೇರೆ ಯಾರಿಗೋ ಹೇಳಿದ್ದೆಂದು ಓದಿಕೊಂಡು ಮುಂದೆ ಹೋಗುವ ಕಲೆ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಅದೇ ಅಧ್ಯಾಯದಲ್ಲಿ (2:260) ಪ್ರವಾದಿ ಇಬ್ರಾಹೀಮರು, ಸತ್ತವರಿಗೆ ನೀನು ಹೇಗೆ ಜೀವ ಕೊಡುತ್ತೀಯೆಂದು ತೋರಿಸು ಎಂದು ಅಲ್ಲಾಹನನ್ನೇ ಬೇಡುತ್ತಾರೆ. ನಿನಗೆ ನಂಬಿಕೆಯಿಲ್ಲವೇ ಎಂಬ ಮಾತಿಗೆ, ಇದೆ, ಆದರೆ ಮನಸ್ಸಿಗೆ ಸಮಾಧಾನ ಬೇಕು ಎನ್ನುತ್ತಾರೆ. ಅಲ್ಲಿ ಅವರಿಗೆ ಸಿಗುವುದು ಗದರಿಕೆಯಲ್ಲ, ನಾಲ್ಕು ಹಕ್ಕಿಗಳನ್ನು ತೆಗೆದುಕೊ ಎಂಬ ಉತ್ತರ.

ನಿನ್ನ ಕಥೆಯ ಹುಡುಗ ಗ್ರಹಣದ ಮಾತೆತ್ತಿದವನು ಗ್ರಹಣದ ಹದೀಸನ್ನೇ, ಅದರ ಬಗ್ಗೆ ಪ್ರವಾದಿಯವರು ಆಡಿದ ಮಾತಿನ ವರದಿಯನ್ನೇ, ಮರೆತದ್ದು ನನಗೆ ಸೋಜಿಗ. ಪ್ರವಾದಿ ಮುಹಮ್ಮದರ (ಸ) ಪುಟ್ಟ ಮಗ ಇಬ್ರಾಹೀಂ ಮದೀನಾದಲ್ಲಿ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೇ ಮಂಕಾದನೆಂದು ಜನ ಆಡಿಕೊಂಡರು. ಮಗನನ್ನು ಕಳೆದುಕೊಂಡ ತಂದೆ ಆ ಹೊತ್ತಿನಲ್ಲಿ ಸುಮ್ಮನಿದ್ದರೂ ಸಾಕಿತ್ತು, ಆ ನಂಬಿಕೆ ಅವರ ಹೆಸರಿಗೆ ದೊಡ್ಡ ಕೀರ್ತಿಯನ್ನೇ ತರುತ್ತಿತ್ತು. ಅವರು ಸುಮ್ಮನಿರಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ಕುರುಹುಗಳು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಹೇಳಿ, ಗ್ರಹಣ ಕಂಡರೆ ನಮಾಜು ಮಾಡಿ ಎಂದರು. ತನಗೆ ಲಾಭ ತರುವ ಸುಳ್ಳನ್ನು, ದುಃಖದ ನಡುವೆಯೂ, ಕೈಯಾರೆ ತಳ್ಳಿಹಾಕುವ ಈ ಗಳಿಗೆಯನ್ನು ಬಿಟ್ಟು ಪ್ರವಚನದ ನಾಲ್ಕು ಮಾತನ್ನು ಏಕೆ ಹಿಡಿದೆ? ಈ ಹದೀಸಾದರೂ ನಮಗೆ ತಲುಪಿದ್ದು ಯಾರು ಯಾರಿಂದ ಕೇಳಿದರೆಂದು ಒಬ್ಬೊಬ್ಬರ ಹೆಸರು ಹಿಡಿದು, ಅವರ ನೆನಪಿನ ಶಕ್ತಿಯನ್ನೂ ನಡತೆಯನ್ನೂ ತೂಗಿ ನೋಡಿದ ವಿದ್ವಾಂಸರ ಮೂಲಕ. ಕೇಳುವುದು ಅಗೌರವವೆಂದು ಅವರು ಬಗೆದಿರಲಿಲ್ಲ.

ಹನ್ನೊಂದನೆಯ ಶತಮಾನದ ದೊಡ್ಡ ವಿದ್ವಾಂಸ ಇಮಾಂ ಗಝಾಲಿಯವರನ್ನು ಓದು ಎಂದು ಹಿಂದೆಯೂ ಹೇಳಿದ್ದೆ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯೆಹೂದಿಗಳ ಮಕ್ಕಳು ಯೆಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುವುದನ್ನು ಕಂಡು, ತನ್ನ ತಿಳಿವಳಿಕೆಯಲ್ಲಿ ತಂದೆತಾಯಿಗಳಿಂದಲೂ ಗುರುಗಳಿಂದಲೂ ಬರಿದೆ ಬಂದದ್ದೆಷ್ಟು ಎಂದು ಕೇಳಿಕೊಂಡವರು ಅವರು. ಅಲ್ಲಿಗೇ ನಿಲ್ಲದೆ ತಮ್ಮ ಕಣ್ಣನ್ನೂ ಸಂದೇಹಿಸಿದರು: ನಕ್ಷತ್ರ ದೀನಾರ್ ನಾಣ್ಯದಷ್ಟೇ ಕಾಣುತ್ತದೆ, ಗಣಿತ ಅದು ಭೂಮಿಗಿಂತ ದೊಡ್ಡದೆನ್ನುತ್ತದೆ, ಹಾಗಾದರೆ ಕಣ್ಣನ್ನು ನಂಬುವುದು ಹೇಗೆ? ಆಮೇಲೆ ಬುದ್ಧಿಯ ಸರದಿ. 1095ರಲ್ಲಿ ಬಾಗ್ದಾದಿನ ನಿಝಾಮಿಯಾ ಮದ್ರಸಾದ ದೊಡ್ಡ ಹುದ್ದೆಯನ್ನು ತೊರೆದು ಹೊರಟಾಗ, ತಾನು ಪಾಠ ಹೇಳುತ್ತಿರುವುದು ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಪ್ರಶ್ನೆಯೂ ಅವರ ಜೊತೆಗಿತ್ತು. ನಿನ್ನ ಹುಡುಗನ ಪ್ರಶ್ನೆ ಅಜ್ಜಿಯವರೆಗೆ ಹೋಗುತ್ತದೆ, ಅವನವರೆಗೆ ಬರುವುದಿಲ್ಲ.

ಇನ್ನು ದಾದಿ. ಅವಳನ್ನು ನೀನು ಇಷ್ಟು ಅಗ್ಗವಾಗಿ ಸೋಲಿಸಬಾರದು. ಹೆರಿಗೆಯೆಂದರೆ ಜೀವದ ಮೇಲಿನ ಆಸೆ ಬಿಡಬೇಕಾಗಿದ್ದ ಕಾಲದಲ್ಲಿ ಹೆತ್ತವಳು ಅವಳು. ಸೀಳುತುಟಿಯ ಕೂಸು ಹಾಲು ಎಳೆಯಲಾರದೆ ಅಳುವುದನ್ನು ಕಂಡಿರಬಹುದು, ಅದರ ತಾಯಿಯನ್ನು ಓಣಿಯವರು ಅಂದದ್ದನ್ನೂ ಕೇಳಿರಬಹುದು. ನಂಬಿಕೆ ತಪ್ಪಾಗಿದ್ದರೂ ಅದರ ಹಿಂದಿನ ಭಯ ಸುಳ್ಳಲ್ಲ. ಅವಳು ಮೊಮ್ಮಗನಿಗೆ ತಿರುಗಿ ಒಂದು ಗಟ್ಟಿ ಮಾತು ಹೇಳಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಹೊಟ್ಟೆಯಲ್ಲಿ ಮಗುವಿರುವ ಆ ಹೆಣ್ಣಿಗೆ ಇಡೀ ಕಥೆಯಲ್ಲಿ ಒಂದೂ ಮಾತಿಲ್ಲ. ಮೊದಲು ಅತ್ತೆಯ ಅತ್ತೆ ಕೂರು ಎಂದರೆ ಕೂರುತ್ತಾಳೆ, ಆಮೇಲೆ ಮೈದುನ ಏಳು ಎಂದರೆ ಏಳುತ್ತಾಳೆ. ಅವಳಿಂದಲೇ ಇಬ್ಬರನ್ನೂ ಕೇಳಿಸು: ನಿಮಗೆ ಇದನ್ನು ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು. ಮೈದುನನಿಗೆ ಉತ್ತರ ಹೊಳೆಯದೆ ಮೊಬೈಲು ತಡಕಾಡಲಿ. ಈರುಳ್ಳಿ ಹೆಚ್ಚುವುದೋ ಬಿಡುವುದೋ ಆಮೇಲೆ ಅವಳೇ ನಿರ್ಧರಿಸುತ್ತಾಳೆ. ತಿದ್ದಿದ ಪ್ರತಿಯನ್ನು ರಂಜಾನ್‌ಗೆ ಮೊದಲೇ ಕಳುಹಿಸು; ಉಪವಾಸದ ದಿನಗಳಲ್ಲಿ ನನ್ನ ಕಣ್ಣು ಬೇಗ ದಣಿಯುತ್ತದೆ.

ಖುದಾ ಹಾಫಿಜ್.