ಸರಳು ಚಾಚಿ ನಿಂತ ಮನೆಗಳು: ಮೊರೋನಿಯಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕಳೆದ ಸಲ ಹಿಂದೂ ಮಹಾಸಾಗರದ ದ್ವೀಪನಾಡು ಕೊಮೊರೊಸ್‌ನ ರಾಜಧಾನಿಯಾದ ಈ ಮೊರೋನಿಯಿಂದ ನಾನು ಕಳಿಸಿದ ಫೋಟೊಗಳಲ್ಲಿ ನೀನು ಕಡಲನ್ನೂ ನೋಡಲಿಲ್ಲ, ಕಾರ್ತಾಲಾ ಜ್ವಾಲಾಮುಖಿಯನ್ನೂ ನೋಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಊರೂರಲ್ಲಿ ಇಷ್ಟೊಂದು ಮನೆಗಳು ಅರ್ಧಕ್ಕೆ ನಿಂತಿವೆ ಏಕೆ? ತಾರಸಿಯ ಮೇಲೆ ತುಕ್ಕು ಹಿಡಿದ ಸರಳುಗಳು, ಕಿಟಕಿಯಿಲ್ಲದ ಗೋಡೆಗಳು. ಕೆಲಸ ನಿಂತಿದೆ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಅವು ಹೆಣ್ಣುಮಕ್ಕಳ ಮನೆಗಳು. ಮಗಳು ಚಿಕ್ಕವಳಿರುವಾಗಲೇ ಪಾಯ ಹಾಕಿ, ಕೈಯಲ್ಲಿ ಕಾಸು ಆಡಿದ ವರ್ಷ ಒಂದಿಷ್ಟು ಗೋಡೆ ಎಬ್ಬಿಸಿ, ಅವಳ ಮದುವೆಯ ಹೊತ್ತಿಗೆ ಮುಗಿಸುತ್ತಾರೆ. ಇಲ್ಲಿ ಮದುವೆಯಾದ ಮೇಲೆ ಮನೆ ಬಿಟ್ಟು ಹೊರಡುವವಳು ಹೆಣ್ಣಲ್ಲ, ಗಂಡು. ಅವನು ಹೆಂಡತಿಯ ಮನೆಗೆ ಬರುತ್ತಾನೆ. ಸಂಬಂಧ ಮುರಿದರೆ ಅವನೇ ಎದ್ದು ಹೋಗಬೇಕು.

ನೀನು ಅಳಿಯಸಂತಾನದ ಕುಟುಂಬದಲ್ಲಿ ಹುಟ್ಟಿದವನು. ಆಸ್ತಿ ಹೆಣ್ಣಿನ ಕವಲಿನಲ್ಲಿ ಹರಿಯುವುದೆಂದರೇನು ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅದಕ್ಕೆ ‘ಮನ್ಯಾಹುಲಿ’ ಎನ್ನುತ್ತಾರೆ. ಆ ನೆಲವನ್ನು ಮಾರುವಂತಿಲ್ಲ. ಅದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ. ಶಾಫಿ ಪಂಥದ ಸುನ್ನಿ ಮುಸ್ಲಿಮರ ನಾಡಿನಲ್ಲಿ, ಷರಿಯತ್ತಿನ ಹಂಚಿಕೆಯ ಪಕ್ಕದಲ್ಲೇ, ಈ ಕಟ್ಟು ಶತಮಾನಗಳಿಂದ ಉಳಿದು ಬಂದಿದೆ. ನನಗೆ ಈ ದ್ವೀಪದ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿಂದ.

ಆದರೆ ಅದೇ ಮದುವೆಗೆ ಇನ್ನೊಂದು ಮುಖವಿದೆ. ಅದು ಗಂಡಸಿನದು. ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ವಯಸ್ಸು ಐವತ್ತೆರಡು. ಫ್ರಾನ್ಸಿನಲ್ಲಿ ಓದಿ ಬಂದವರು. ಹೆಂಡತಿ ಇದ್ದಾರೆ, ನಾಲ್ವರು ಮಕ್ಕಳಿದ್ದಾರೆ. ಧರ್ಮದ ಲೆಕ್ಕದಲ್ಲಿ ಮದುವೆ ಎಂದೋ ಆಗಿದೆ, ಆದರೆ ಅದು ಸಣ್ಣ ಮದುವೆ. ‘ಆಂಡಾ’, ಅಂದರೆ ದೊಡ್ಡ ಮದುವೆ, ಆಗಿಲ್ಲ. ಹಾಗಾಗಿ ಅವರ ಊರಿನಲ್ಲಿ ಅವರು ಇನ್ನೂ ‘ಮ್ನಾಮ್ಜಿ’, ಊರಿನ ಮಗು. ಆಂಡಾ ಮುಗಿಸಿದವನು ಮಾತ್ರ ‘ಮ್ದ್ರು ಮ್ಝಿಮಾ’, ಇಡಿಯ ಮನುಷ್ಯ. ಅವನಿಗೆ ಮಸೀದಿಯ ಮುಂದಿನ ಸಾಲು, ಹೆಗಲಿಗೆ ‘ಮ್ಹರುಮಾ’ ಎಂಬ ಶಾಲು, ‘ಬಂಗ್ವೆ’ ಎಂಬ ಊರಕಟ್ಟೆಯಲ್ಲಿ ಕೂತು ತೀರ್ಪು ಹೇಳುವ ಹಕ್ಕು.

ಒಂದು ಸಂಜೆ ಅವರೊಡನೆ ಆ ಕಟ್ಟೆಗೆ ಹೋಗಿದ್ದೆ. ನೀರಿನ ತೊಟ್ಟಿಯ ವಿಚಾರ ನಡೆದಿತ್ತು. ಅದು ಅವರ ಕಸುಬೇ. ಆದರೂ ಅವರಿಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ, ಶಾಲು ಹೊದ್ದವನು, ಮಾತಾಡಿದ. ಇವರು ಹಿಂದೆ ನಿಂತು ಕೇಳಿಸಿಕೊಂಡರು. ತಿರುಗಿ ಬರುವ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಅವರ ಆ ಮೌನ ನನಗೆ ಇವತ್ತಿಗೂ ನೋವು ಕೊಡುತ್ತದೆ.

ಆಂಡಾ ಒಂದು ದಿನದ ಸಮಾರಂಭವಲ್ಲ, ವಾರಗಟ್ಟಲೆ ನಡೆಯುತ್ತದೆ. ಪ್ರವಾದಿಯ ಸ್ತುತಿಯ ‘ಮಜ್ಲಿಸ್’, ರಾತ್ರಿಯಿಡೀ ‘ತ್ವಾರಬ್’ ಸಂಗೀತ, ಗಂಡಸರ ನಿಧಾನ ಹೆಜ್ಜೆಯ ‘ಶಿಗೋಮಾ’ ಕುಣಿತ, ವರನನ್ನು ವಧುವಿನ ಮನೆಗೆ ಕರೆದೊಯ್ಯುವ ‘ಝಿಫಾಫಾ’ ಮೆರವಣಿಗೆ, ಮೈತುಂಬ ಚಿನ್ನ ತೊಟ್ಟ ವಧುವನ್ನು ಹೆಂಗಸರ ಮುಂದೆ ಕೂರಿಸುವ ‘ಉಕುಂಬಿ’. ಚಿನ್ನ ವರನ ಕಡೆಯದು, ಮನೆ ವಧುವಿನ ಕಡೆಯದು. ಇದರ ಮೇಲೆ ಎತ್ತುಗಳು, ಅಕ್ಕಿಯ ಮೂಟೆಗಳು, ವಯಸ್ಸಿನ ಪ್ರಕಾರ ವಿಂಗಡಿಸಿದ ಊರಿನ ಪ್ರತಿ ಗುಂಪಿಗೂ ಸಲ್ಲಬೇಕಾದ ಪಾಲು. ಯಾರು ಎಷ್ಟು ಕೊಟ್ಟರೆಂಬುದು ನಮ್ಮೂರ ಮುಯ್ಯಿಯ ಪುಸ್ತಕದ ಹಾಗೆಯೇ ನೆನಪಿನಲ್ಲಿ ಉಳಿಯುತ್ತದೆ. ಅವರ ಸರದಿ ಬಂದಾಗ ತೀರಿಸಲೇಬೇಕು. ಊರಿಗೆ ಸಲ್ಲುವ ಹಣದಲ್ಲಿ ಮಸೀದಿ, ಶಾಲೆ, ರಸ್ತೆ ಆಗುವುದೂ ಉಂಟು. ಸರಕಾರದ ಕೈ ತಲುಪದ ಕಡೆ ಮದುವೆಯ ದುಡ್ಡು ತಲುಪಿರುವುದನ್ನು ನಾನೇ ನೋಡಿದ್ದೇನೆ. ಹಾಗಾಗಿ ಇದನ್ನು ಬರೀ ದುಂದು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕೊಮೊರೊಸ್‌ನ ಬೇರೆ ದ್ವೀಪಗಳಲ್ಲೂ ಮದುವೆಯ ಸಡಗರವಿದೆ. ಸ್ಥಾನಮಾನದೊಂದಿಗೆ ಅದು ಇಷ್ಟು ಬಿಗಿಯಾಗಿ ಗಂಟು ಬಿದ್ದಿರುವುದು ಮಾತ್ರ ಈ ನ್ಗಾಝಿಜಾ ದ್ವೀಪದಲ್ಲಿ. ಲವಂಗ, ವೆನಿಲ್ಲಾ, ಇಲಾಂಗ್ ಇಲಾಂಗ್ ಹೂವಿನ ಎಣ್ಣೆ ಮಾರಿ ಬದುಕುವ ನಾಡು ಇಷ್ಟು ಖರ್ಚನ್ನು ಎಲ್ಲಿಂದ ತರಬೇಕು? ಹೆಚ್ಚಿನ ಪಾಲು ಬರುವುದು ಫ್ರಾನ್ಸಿನ ಬಂದರು ನಗರ ಮಾರ್ಸೆಯಿಂದ. ಅಲ್ಲಿ ಅಡುಗೆಮನೆಗಳಲ್ಲಿ ಪಾತ್ರೆ ತೊಳೆದು, ಕಟ್ಟಡಗಳನ್ನು ಗುಡಿಸಿ ಹತ್ತಿಪ್ಪತ್ತು ವರ್ಷ ಕೂಡಿಟ್ಟವರು ಜುಲೈ, ಆಗಸ್ಟ್ ತಿಂಗಳಲ್ಲಿ ಬಂದಿಳಿಯುತ್ತಾರೆ. 2009ರ ಜೂನ್ 30ರ ನಸುಕಿನಲ್ಲಿ ಮೊರೋನಿಗೆ ಬರುತ್ತಿದ್ದ ಯೆಮೆನಿನ ವಿಮಾನ ಕಡಲಿಗೆ ಬಿದ್ದಿತು. ಒಳಗಿದ್ದ 153 ಜನರಲ್ಲಿ ಬದುಕಿದ್ದು ಒಬ್ಬಳೇ ಹುಡುಗಿ. ರಜೆಗೆ, ಮದುವೆಗಳಿಗೆ ಎಂದು ಫ್ರಾನ್ಸಿನಿಂದ ಹೊರಟವರೇ ಅದರಲ್ಲಿ ಬಹಳ ಮಂದಿ. ಇಲ್ಲಿ ಆ ದಿನದ ಮಾತು ತೆಗೆದರೆ ಜನ ಇಂದಿಗೂ ದನಿ ತಗ್ಗಿಸುತ್ತಾರೆ.

ಇದನ್ನು ನಿಲ್ಲಿಸಲು ಹೊರಟವರು ಇಲ್ಲದಿಲ್ಲ. 1975ರಲ್ಲಿ ಸ್ವಾತಂತ್ರ್ಯ ಬಂದ ಮರುವರ್ಷ ಅಧ್ಯಕ್ಷರಾದ ಅಲಿ ಸೋಯ್ಲಿಹ್ ದೊಡ್ಡ ಮದುವೆಯನ್ನೇ ರದ್ದುಪಡಿಸಿದರು. ಮತ ಹಾಕುವ ವಯಸ್ಸನ್ನು 14ಕ್ಕೆ ಇಳಿಸಿದರು. ಐವತ್ತಾದರೂ ಬಾಯಿಲ್ಲದ ಊರಿನಲ್ಲಿ ಹದಿನಾಲ್ಕರ ಹುಡುಗರಿಗೆ ಬಾಯಿ ಕೊಟ್ಟರು. ಆದರೆ ಆ ಹುಡುಗರ ಪಡೆಯೇ ಜನರನ್ನು ಹೆದರಿಸತೊಡಗಿತು. 1978ರ ಮೇ ತಿಂಗಳಲ್ಲಿ ಫ್ರೆಂಚ್ ಬಾಡಿಗೆ ಸೈನಿಕರು ಸೋಯ್ಲಿಹ್ ಅವರನ್ನು ಉರುಳಿಸಿದರು, ಕೆಲವೇ ದಿನಗಳಲ್ಲಿ ಅವರ ಕೊಲೆಯಾಯಿತು. ಆಂಡಾ ಮತ್ತೆ ಬಂತು. ಜನ ಬೇಡವೆನ್ನದೆ ಬರೀ ಆಜ್ಞೆಯಿಂದ ಹೋಗುವ ಪದ್ಧತಿ ಇದಲ್ಲ. ಹಾಗೆಂದು ಕಟ್ಟೆಯ ಮಾತಿಗೆ ಚಿನ್ನದ ಬೆಲೆ ಕಟ್ಟಿರುವುದನ್ನು ನಾನು ಒಪ್ಪಲಾರೆ. ಹೆಣ್ಣಿಗೆ ಸೂರು ಕೊಡುವ ಮದುವೆ ಉಳಿಯಲಿ, ಗಂಡಸಿನ ಬಾಯಿಗೆ ಹಾಕಿದ ಬೀಗ ಬಿಡಲಿ. ಹೊರಗಿನವನಾದ ನಾನು ಇದನ್ನು ನಿನ್ನೆದುರು ಮಾತ್ರ ಹೇಳಬಲ್ಲೆ.

ಮೊನ್ನೆ ನನ್ನ ಸಹೋದ್ಯೋಗಿಯನ್ನು ಕೇಳಿದೆ, ನಿಮ್ಮ ಆಂಡಾ ಯಾವಾಗ ಎಂದು. ಅವರು ಉತ್ತರಿಸದೆ ಊರಿಗೆ ಕರೆದೊಯ್ದರು. ಹೆಂಡತಿಯ ಮನೆಯ ಹಿಂದೆ, ಕಪ್ಪು ಲಾವಾ ಕಲ್ಲಿನ ನಡುವೆ, ಹೊಸ ಪಾಯ ತೋಡಿದ್ದರು. ಕೊನೆಯ ಮಗಳಿಗೆ, ಅವಳಿಗೆ ಈಗ ಏಳು ವರ್ಷ. ಆಂಡಾಕ್ಕೆಂದು ಕೂಡಿಟ್ಟ ಹಣದಲ್ಲಿ ಸಿಮೆಂಟ್ ತರಿಸಿದ್ದರು. ಹುಡುಗಿ ಪಾಯದೊಳಗಿಳಿದು, ಅಡುಗೆಮನೆ ಎಲ್ಲಿ ಬರುತ್ತದೆ ಎಂದು ನನಗೆ ಕೈಮಾಡಿ ತೋರಿಸಿದಳು. ಅದರ ಫೋಟೊ ಈ ಪತ್ರದ ಜೊತೆಗಿದೆ.

ನಿನ್ನವ